ಹವಳದ ದಿಬ್ಬದಲ್ಲಿ ಶಾರ್ಕ್, ತೊರಕೆ ಎಣಿಸುವುದು: ಎರೆ ಕ್ಯಾಮೆರಾ ಸಮೀಕ್ಷೆಯ ಸಮಗ್ರ ಮಾರ್ಗದರ್ಶಿ

"ಕ್ಯಾಮೆರಾ ಇಳಿಸಿದ್ದೇವೆ, ಹತ್ತಾರು ಗಂಟೆ ವಿಡಿಯೊ ಇದೆ, ನಾಲ್ಕಾರು ಶಾರ್ಕ್ ಕೂಡ ಕಂಡಿವೆ. ಆದರೆ ವರದಿ ಬರೆಯಲು ಕೂತರೆ ಏನೂ ಹೇಳಲಾಗುತ್ತಿಲ್ಲ." ಕರಾವಳಿಯ ಕಾಲೇಜು ವಿದ್ಯಾರ್ಥಿಗಳು, ಡೈವಿಂಗ್ ಮಾಡುವ ಗೆಳೆಯರು ನನ್ನ ಹತ್ತಿರ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಅವರ ಫೋಲ್ಡರ್ ತೆರೆದರೆ ಕಾರಣವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಶಾರ್ಕ್ ಕಂಡ ವಿಡಿಯೊ ಜೋಪಾನವಾಗಿರುತ್ತದೆ, ಏನೂ ಕಾಣದ ವಿಡಿಯೊ ಅಳಿಸಿ ಹೋಗಿರುತ್ತದೆ. ಯಾವ ಕ್ಯಾಮೆರಾ ಎಲ್ಲಿ, ಎಷ್ಟು ಹೊತ್ತು ಇತ್ತು ಎಂಬ ಬರಹ ಇರುವುದಿಲ್ಲ. ಎರೆ ಒಂದು ದಿನ ಅರ್ಧ ಕೆಜಿ, ಇನ್ನೊಂದು ದಿನ ಎರಡು ಕೆಜಿ.

ಈ ಮಾರ್ಗದರ್ಶಿ ಅಂಥ ತಂಡಗಳಿಗಾಗಿ. ಎರೆ ಕ್ಯಾಮೆರಾ ಎಂದರೆ ಎದುರಿಗೆ ಮೀನಿನ ಎರೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸುವ ಕ್ಯಾಮೆರಾ, ವಾಸನೆಗೆ ಬರುವ ಪ್ರಾಣಿಗಳನ್ನು ಅದು ವಿಡಿಯೊ ಮಾಡುತ್ತದೆ. ತೊರಕೆ ಎಂದರೆ ಶಾರ್ಕಿನ ಸಂಬಂಧಿಯಾದ ಚಪ್ಪಟೆ ಮೈಯ ರೇ ಮೀನು. ಉದಾಹರಣೆಗೆ ಲಕ್ಷದ್ವೀಪದ ಒಂದು ದ್ವೀಪವನ್ನು ಇಟ್ಟುಕೊಂಡಿದ್ದೇನೆ. ಮುರ್ಡೇಶ್ವರದ ಎದುರಿನ ನೇತ್ರಾಣಿಗೂ ಇದೇ ಕ್ರಮ ಸಲ್ಲುತ್ತದೆ, ಬದಲಾಗುವ ಕಡೆ ಹೇಳುತ್ತೇನೆ. ಹಂತಗಳ ಕ್ರಮ ಬಹಳ ಮುಖ್ಯ. ಮೂರನೇ ಹಂತದಲ್ಲಿ ಬಿಟ್ಟ ಕೆಲಸವನ್ನು ಒಂಬತ್ತನೇ ಹಂತದಲ್ಲಿ ಸರಿಪಡಿಸಲು ಬರುವುದಿಲ್ಲ.

ಹಂತ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ಇಲ್ಲಿನ ಶಾರ್ಕ್‌ಗಳ ಬಗ್ಗೆ ತಿಳಿಯಬೇಕು" ಎಂಬುದು ಆಸೆ. ಅದರಿಂದ ಸಮೀಕ್ಷೆ ಹುಟ್ಟುವುದಿಲ್ಲ. "ಲಗೂನ್ (ದಿಬ್ಬ ಸುತ್ತುವರಿದ ಆಳವಿಲ್ಲದ ನೀರು) ಒಳಗಿಗಿಂತ ಹೊರ ಇಳಿಜಾರಿನಲ್ಲಿ ಶಾರ್ಕ್ ಜಾಸ್ತಿ ಇವೆಯೇ?", "ಎರಡು ವರ್ಷ ಬಿಟ್ಟು ಬಂದಾಗ ಸಂಖ್ಯೆ ಕುಸಿದಿದೆಯೇ?" ಎಂಬಂಥದ್ದು ಪ್ರಶ್ನೆ. ಎರಡರಲ್ಲೂ ಹೋಲಿಕೆ ಇದೆ ನೋಡಿ. ಎರೆ ಕ್ಯಾಮೆರಾ ಕೊಡುವುದು ಹೋಲಿಕೆಯ ಲೆಕ್ಕ ಮಾತ್ರ. ದಿಬ್ಬದಲ್ಲಿ ಒಟ್ಟು ಎಷ್ಟು ಶಾರ್ಕ್ ಇವೆ ಎಂದು ಅದು ಯಾವತ್ತೂ ಹೇಳುವುದಿಲ್ಲ.

ಹಾಗಾದರೆ ಡೈವ್ ಮಾಡಿ ಕಣ್ಣಾರೆ ಎಣಿಸಬಹುದಲ್ವಾ ಎಂದು ಹಲವರು ಕೇಳುತ್ತಾರೆ. ಶಾರ್ಕ್ ನಿಂತಲ್ಲಿ ನಿಲ್ಲದ ಪ್ರಾಣಿ. ನೀವು ಅರ್ಧ ಗಂಟೆ ಈಜುತ್ತಿದ್ದರೆ ಅದೇ ಶಾರ್ಕ್ ಮೂರು ಸಲ ಎದುರಾಗಬಹುದು, ಲೆಕ್ಕ ಉಬ್ಬುತ್ತದೆ. ಕೆಲವು ಕಡೆ ಡೈವರ್‌ನ ಗುಳ್ಳೆ ಸದ್ದಿಗೆ ದೂರ ಹೋಗುತ್ತವೆ, ಲೆಕ್ಕ ಕುಗ್ಗುತ್ತದೆ. ಕ್ಯಾಮೆರಾ ಒಂದೇ ಕಡೆ ಕೂರುತ್ತದೆ, ವಿಡಿಯೊ ಉಳಿಯುತ್ತದೆ, ಅನುಮಾನ ಬಂದರೆ ಇನ್ನೊಬ್ಬರು ಮತ್ತೆ ನೋಡಬಹುದು.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಯಲ್ಲಿ ಎರಡು ಜಾಗವೋ ಎರಡು ಕಾಲವೋ ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಹಂತ 2: ಅನುಮತಿ ಮೊದಲು, ಟಿಕೆಟ್ ಆಮೇಲೆ

ಲಕ್ಷದ್ವೀಪಕ್ಕೆ ಕಾಲಿಡಲು ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ಸಂಶೋಧನೆಗೆ ಅದು ಸಾಲದು, ಅಲ್ಲಿನ ಆಡಳಿತದ ಪರಿಸರ ಮತ್ತು ಅರಣ್ಯ ಇಲಾಖೆಯಿಂದ ಬೇರೆ ಅನುಮತಿ ಪಡೆಯಬೇಕು. ಅಭಯಾರಣ್ಯದ ಒಳಗಾದರೆ ಫೋಟೊ ತೆಗೆಯಲು, ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅನ್ವಯಿಸುತ್ತದೆ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿಯುವುದು, ಟ್ಯಾಗ್ ಹಾಕುವುದು, ಚರ್ಮದ ಚೂರು ತೆಗೆಯುವುದು 12ನೇ ಸೆಕ್ಷನ್ನಿನ ವಿಷಯ. ಅದು ಬೇರೆಯದೇ ಮಟ್ಟದ ಕೆಲಸ, ಮೊದಲ ಸಮೀಕ್ಷೆಗೆ ಅದನ್ನು ಸೇರಿಸಲೇಬೇಡಿ.

ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾರ್ಕ್, ತೊರಕೆಗಳ ಪಟ್ಟಿ ಈಗ ಮೊದಲಿಗಿಂತ ಉದ್ದ. ಹಳೆಯ ಪಿಡಿಎಫ್ ನಂಬಿ ಕೂರಬೇಡಿ, ತಿದ್ದುಪಡಿಯಾದ ಶೆಡ್ಯೂಲ್ (ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿ) ತೆಗೆದು ನಿಮ್ಮ ಜಾತಿಗಳ ಹೆಸರು ಒಂದೊಂದಾಗಿ ಹುಡುಕಿ. ಇನ್ನೊಂದು ವಿಷಯ, ಗಟ್ಟಿ ಹವಳಗಳೂ ಶೆಡ್ಯೂಲ್ 1ರಲ್ಲಿವೆ. ನಿಮ್ಮ ಚೌಕಟ್ಟು ಜೀವಂತ ಹವಳದ ಮೇಲೆ ಬಿದ್ದು ಕೊಂಬೆ ಮುರಿದರೆ ಅದು ಕಾನೂನಿನ ಪ್ರಶ್ನೆಯೂ ಹೌದು.

ಕಾಗದದ ಅನುಮತಿಯ ಜೊತೆಗೆ ಊರಿನವರ ಒಪ್ಪಿಗೆಯೂ ಬೇಕು. ದ್ವೀಪದಲ್ಲಿ ಟ್ಯೂನಾ ಹಿಡಿಯುವವರ ಹತ್ತಿರ ಹೋಗಿ, ಏನು ಮಾಡುತ್ತೀರಿ, ಯಾವ ದಿನ ಎಲ್ಲಿ ತೇಲುಬುಂಡೆ ಇರುತ್ತದೆ ಎಂದು ಮೊದಲೇ ಹೇಳಿ. ಹೇಳದೆ ಬಿಟ್ಟ ಬುಂಡೆಯನ್ನು ಯಾರೋ ಕಳೆದುಹೋದ ಸಾಮಾನು ಎಂದುಕೊಂಡು ಎತ್ತಿಕೊಂಡು ಹೋದರೆ ಅವರ ತಪ್ಪಲ್ಲ.

ಹಂತ 3: ಸಾಮಾನು ಜೋಡಿಸಿ, ಮನೆಯಲ್ಲೇ ಒಮ್ಮೆ ಓಡಿಸಿ

ಒಂದು ಸೆಟ್ಟಿಗೆ ಬೇಕಾದದ್ದು ಇಷ್ಟು: ಕಬ್ಬಿಣದ ಸರಳು ಅಥವಾ ಪಿವಿಸಿ ಪೈಪಿನ ಚೌಕಟ್ಟು, ಕೆಳಗೆ ಭಾರ, ಗೋಪ್ರೊದಂಥ ಕ್ಯಾಮೆರಾ ಮತ್ತು ಅದರ ವಾಟರ್‌ಪ್ರೂಫ್ ಕೇಸ್, ಮುಂದಕ್ಕೆ ಚಾಚಿದ ಒಂದೂವರೆ ಮೀಟರ್ ಕೋಲು, ಕೋಲಿನ ತುದಿಗೆ ಜಾಲರಿಯ ಎರೆ ಚೀಲ, ಹಗ್ಗ, ತೇಲುಬುಂಡೆ. ಇವುಗಳ ಜೊತೆ ಜಿಪಿಎಸ್, ಬರೆಯುವ ಸ್ಲೇಟು, ವಾಟರ್‌ಪ್ರೂಫ್ ಕಾಗದ, ಪೆನ್ಸಿಲ್. ಪಿವಿಸಿ ಬಳಸಿದರೆ ಪೈಪಿಗೆ ತೂತು ಕೊರೆಯಿರಿ. ಒಳಗೆ ಗಾಳಿ ಉಳಿದರೆ ಚೌಕಟ್ಟು ತಳದಲ್ಲಿ ನಿಲ್ಲದೆ ವಾಲಾಡುತ್ತದೆ.

ನಾಲ್ಕರಿಂದ ಆರು ಸೆಟ್ ಇದ್ದರೆ ಕೆಲಸ ಸರಾಗ. ಆರು ಸೆಟ್ ಇಟ್ಟುಕೊಂಡು ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು ಇಳಿಸಿದರೆ ದಿನಕ್ಕೆ ಹನ್ನೆರಡು ಡ್ರಾಪ್ ಆಗುತ್ತದೆ (ಒಂದು ಕ್ಯಾಮೆರಾವನ್ನು ಒಮ್ಮೆ ಇಳಿಸಿ ಎತ್ತಿದರೆ ಒಂದು ಡ್ರಾಪ್). ಎಲ್ಲ ಕ್ಯಾಮೆರಾಗಳ ಸೆಟ್ಟಿಂಗ್ ಒಂದೇ ಇರಬೇಕು: 1080ಪಿ, ಸೆಕೆಂಡಿಗೆ 30 ಫ್ರೇಮ್, ಒಂದೇ ಕೋನ. ಒಂದರಲ್ಲಿ ಅಗಲ ಕೋನ, ಇನ್ನೊಂದರಲ್ಲಿ ಕಿರಿದು ಇದ್ದರೆ ಎರಡೂ ನೋಡುವ ನೀರಿನ ಪ್ರಮಾಣವೇ ಬೇರೆಯಾಗುತ್ತದೆ. ಅಂಥ ಎರಡರ ಲೆಕ್ಕವನ್ನು ಒಟ್ಟು ಹಾಕಲಾಗದು.

ಹೊರಡುವ ವಾರ ಮುಂಚೆ ಪ್ರತಿ ಬ್ಯಾಟರಿಯನ್ನೂ ಪೂರ್ತಿ ಚಾರ್ಜ್ ಮಾಡಿ, ರೆಕಾರ್ಡಿಂಗ್ ಒತ್ತಿ, ಸತ್ತುಹೋಗುವವರೆಗೆ ಬಿಡಿ. ನಿಮಗೆ ಬೇಕಾದದ್ದು ತಳ ಮುಟ್ಟಿದ ಮೇಲಿನ 60 ನಿಮಿಷ. ಇಳಿಯುವ, ಎತ್ತುವ ಸಮಯ ಸೇರಿಸಿ 80 ನಿಮಿಷ ಬರಬೇಕು. 55 ನಿಮಿಷಕ್ಕೆ ಸಾಯುವ ಹಳೆ ಬ್ಯಾಟರಿಯನ್ನು ಪಕ್ಕಕ್ಕಿಡಿ. ಕೇಸಿನ ರಬ್ಬರ್ ಉಂಗುರದ ಮೇಲೆ ಒಂದು ಕೂದಲೆಳೆ ಕೂತರೂ ನೀರು ನುಗ್ಗುತ್ತದೆ, ಪ್ರತಿ ಸಲ ಬೆರಳಾಡಿಸಿ ನೋಡಿ. ಗಾಜು ಮಂಜಾಗದಂತೆ ಒಳಗೆ ತೇವ ಹೀರುವ ಪಟ್ಟಿ ಇಡಿ.

ಎರೆಗೆ ಎಣ್ಣೆಯಂಶ ಇರುವ ಮೀನೇ ಬೇಕು. ಬೂತಾಯಿ ಅತ್ಯುತ್ತಮ, ಸಿಗದಿದ್ದರೆ ಬಂಗುಡೆ. ಪ್ರತಿ ಡ್ರಾಪ್‌ಗೆ ತೂಗಿ 1 ಕೆಜಿ, ಚೆನ್ನಾಗಿ ಜಜ್ಜಿದ್ದು, ಪ್ರತಿ ಸಲ ಹೊಸದು. ಬೆಳಗಿನ ಸುತ್ತಿನಲ್ಲಿ ಉಳಿದದ್ದನ್ನು ಮಧ್ಯಾಹ್ನಕ್ಕೆ ಬಳಸಬೇಡಿ, ಅದರ ಎಣ್ಣೆ ಆಗಲೇ ನೀರಿಗೆ ಹೋಗಿರುತ್ತದೆ. ಬೂತಾಯಿಯಿಂದ ಶುರು ಮಾಡಿದ ಸಮೀಕ್ಷೆಯನ್ನು ಬೂತಾಯಿಯಲ್ಲೇ ಮುಗಿಸಿ. ಎರೆಯ ಮೀನು ಬದಲಾದರೆ ವಾಸನೆ ಬದಲಾಗುತ್ತದೆ, ಬರುವ ಪ್ರಾಣಿಗಳೂ ಬದಲಾಗಬಹುದು.

ಹಂತ 4: ಜಾಗವನ್ನು ನೀವು ಆರಿಸಬೇಡಿ

ಇದು ಅತಿ ಹೆಚ್ಚು ಜನ ಎಡವುವ ಹಂತ. "ಆ ಮೂಲೆಯಲ್ಲಿ ಶಾರ್ಕ್ ಗ್ಯಾರಂಟಿ" ಎಂದು ದೋಣಿಯವರು ಹೇಳುತ್ತಾರೆ, ಎಲ್ಲ ಕ್ಯಾಮೆರಾ ಅಲ್ಲಿಗೇ ಹೋಗುತ್ತವೆ. ಆಮೇಲೆ ಸಿಗುವ ಸಂಖ್ಯೆ ಆ ಮೂಲೆಯದ್ದು, ದಿಬ್ಬದ್ದಲ್ಲ.

ಕ್ರಮ ಹೀಗಿರಲಿ. ಮೊದಲು ದಿಬ್ಬವನ್ನು ಭಾಗ ಮಾಡಿ: ಲಗೂನ್, ಲಗೂನಿನ ಬಾಯಿ, ಹೊರ ಇಳಿಜಾರು. ಲಕ್ಷದ್ವೀಪದ ಕಡಮತ್ ದ್ವೀಪ ತೆಗೆದುಕೊಂಡರೆ ದೊಡ್ಡ ಲಗೂನ್ ಪಶ್ಚಿಮಕ್ಕಿದೆ, ಹಾಗಾಗಿ ಪೂರ್ವದ ಹೊರ ಇಳಿಜಾರನ್ನು ಬೇರೆ ಭಾಗವಾಗಿ ಹಿಡಿಯಿರಿ. ನಂತರ ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪ್ರತಿ ಭಾಗದೊಳಗೆ ಯಾದೃಚ್ಛಿಕ ಬಿಂದುಗಳನ್ನು ಹಾಕಿಸಿ. ಒಂದೇ ಹೊತ್ತಿಗೆ ನೀರಿನಲ್ಲಿರುವ ಎರಡು ಕ್ಯಾಮೆರಾಗಳ ನಡುವೆ ಕನಿಷ್ಠ 500 ಮೀಟರ್ ಅಂತರ ಇರಬೇಕು. ಹತ್ತಿರವಿದ್ದರೆ ಒಂದೇ ಶಾರ್ಕ್ ಎರಡೂ ಕಡೆ ಬಂದು ಹೋಗುತ್ತದೆ. ಆಳ 40 ಮೀಟರ್ ಒಳಗಿರಲಿ, ಅದಕ್ಕಿಂತ ಕೆಳಗೆ ಬೆಳಕು ಸಾಲದು, ಹಗ್ಗ ಸಂಭಾಳಿಸುವುದೂ ಕಷ್ಟ.

ಎಷ್ಟು ಡ್ರಾಪ್ ಬೇಕು? ಗ್ಲೋಬಲ್ ಫಿನ್‌ಪ್ರಿಂಟ್ ಎಂಬ ಜಾಗತಿಕ ಯೋಜನೆ ಇದೇ ವಿಧಾನದಲ್ಲಿ 58 ದೇಶಗಳ 371 ದಿಬ್ಬಗಳಲ್ಲಿ 15,000ಕ್ಕೂ ಹೆಚ್ಚು ಡ್ರಾಪ್ ಮಾಡಿತು, ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಭಾಗಿಸಿ ನೋಡಿದರೆ ದಿಬ್ಬಕ್ಕೆ ಸರಾಸರಿ 40ರ ಆಸುಪಾಸು. ನಿಮ್ಮ ಗುರಿಯೂ ಅಷ್ಟಿರಲಿ. ಶಾರ್ಕ್ ಕಡಿಮೆ ಇರುವ ಕಡೆ ಇನ್ನೂ ಜಾಸ್ತಿ ಬೇಕು. ಹತ್ತೇ ಡ್ರಾಪ್ ಮಾಡಿ "ಇಲ್ಲಿ ಶಾರ್ಕ್ ಇಲ್ಲ" ಎಂದು ಬರೆಯುವುದು ಅನ್ಯಾಯ.

ನೇತ್ರಾಣಿ ಸಣ್ಣ ದ್ವೀಪ. 500 ಮೀಟರ್ ಅಂತರ ಇಟ್ಟರೆ ಒಂದು ಸುತ್ತಿಗೆ ನಾಲ್ಕಾರು ಕ್ಯಾಮೆರಾಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅಲ್ಲಿ ಒಂದೇ ದಿನ ಮುಗಿಸಲು ಹೋಗದೆ ಋತುವಿನ ಉದ್ದಕ್ಕೂ ಬೇರೆ ಬೇರೆ ದಿನ ಹಂಚಿ.

ಹಂತ 5: ಇಳಿಸುವ ದಿನ

ಕಾಲ: ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಅದನ್ನು ಬಿಟ್ಟುಬಿಡಿ. ನೇತ್ರಾಣಿಯಲ್ಲಿ ನೀರು ತಿಳಿಯಾಗುವುದು ನವೆಂಬರ್‌ನಿಂದ ಫೆಬ್ರವರಿ. ನೀರಿನಲ್ಲಿ 5 ಮೀಟರ್ ದೂರವೂ ಕಾಣದಿದ್ದರೆ ಆ ದಿನ ಕ್ಯಾಮೆರಾ ಇಳಿಸಬೇಡಿ, ದೋಣಿ ಬಾಡಿಗೆ ಹೋದರೂ ಪರವಾಗಿಲ್ಲ. ಮಬ್ಬು ನೀರಿನ ವಿಡಿಯೊದಲ್ಲಿ ಶಾರ್ಕ್ ಕಾಣದಿದ್ದರೆ ಅದು ಇರಲಿಲ್ಲವೋ, ಇದ್ದೂ ಕಾಣಲಿಲ್ಲವೋ ಎಂದು ಹೇಳುವ ದಾರಿಯೇ ಇಲ್ಲ.

ಹೊತ್ತು: ಸೂರ್ಯ ಹುಟ್ಟಿ ಒಂದು ಗಂಟೆ ಕಳೆದ ಮೇಲೆ ಶುರು, ಮುಳುಗುವ ಒಂದು ಗಂಟೆ ಮೊದಲು ಕೊನೆ. ಮುಂಜಾವು, ಮುಸ್ಸಂಜೆಯಲ್ಲಿ ಶಾರ್ಕ್‌ಗಳ ಓಡಾಟ ಬೇರೆ ರೀತಿ ಇರುತ್ತದೆ, ಅದನ್ನು ಹಗಲಿನ ಲೆಕ್ಕಕ್ಕೆ ಬೆರೆಸಬಾರದು.

ಪ್ರತಿ ಡ್ರಾಪ್‌ನಲ್ಲೂ ಕೈ ಹೀಗೆ ಓಡಲಿ. ರೆಕಾರ್ಡಿಂಗ್ ಒತ್ತಿ. ಕೆಂಪು ದೀಪ ಮಿನುಗುತ್ತಿದೆಯೇ ನೋಡಿ. ಸ್ಲೇಟಿನ ಮೇಲೆ ಡ್ರಾಪ್ ನಂಬರ್, ತಾರೀಕು, ಗಂಟೆ ಬರೆದು ಕ್ಯಾಮೆರಾಗೆ ತೋರಿಸಿ, ಬಾಯಲ್ಲಿ ಗಟ್ಟಿಯಾಗಿ ಓದಿ. ಕೇಸ್ ಮುಚ್ಚಿ, ಕೊಕ್ಕೆ ಒತ್ತಿ ನೋಡಿ. ಎರೆ ಚೀಲ ಕಟ್ಟಿ. ನೀರಿನ ಸೆಳೆತ ಯಾವ ಕಡೆಗೆ ಹರಿಯುತ್ತಿದೆಯೋ ಆ ಕಡೆಗೆ ಕ್ಯಾಮೆರಾ ಮುಖ ಬರುವಂತೆ ನಿಧಾನವಾಗಿ ಹಗ್ಗ ಬಿಡಿ. ವಾಸನೆ ಹರಿದು ಹೋಗುವುದು ಆ ಕಡೆಗೇ, ಪ್ರಾಣಿಗಳು ಬರುವುದೂ ಸಾಮಾನ್ಯವಾಗಿ ಆ ಕಡೆಯಿಂದ.

ಯಾದೃಚ್ಛಿಕ ಬಿಂದು ಜೀವಂತ ಹವಳದ ಮೇಲೆ ಬಿದ್ದರೆ ಪಕ್ಕದ ಮರಳಿಗೋ ಸತ್ತ ಹವಳದ ಚೂರುಗಳ ಮೇಲಕ್ಕೋ ಸರಿಸಿ. ಎಷ್ಟು ಸರಿಸಿದಿರಿ ಎಂದು ಬರೆಯಿರಿ. ಆಳಕ್ಕಿಂತ ಹಗ್ಗ ಅರ್ಧದಷ್ಟು ಜಾಸ್ತಿ ಇರಲಿ: 20 ಮೀಟರ್ ಆಳಕ್ಕೆ 30 ಮೀಟರ್ ಹಗ್ಗ. ಬಿಗಿಯಾದ ಹಗ್ಗ ಪ್ರತಿ ಅಲೆಗೂ ಚೌಕಟ್ಟನ್ನು ಎತ್ತಿ ಕುಕ್ಕುತ್ತದೆ.

ತಳ ಮುಟ್ಟಿದ ಕೂಡಲೇ ಜಿಪಿಎಸ್ ಬಿಂದು, ಆಳ, ಗಂಟೆ, ಮೋಡ, ಸೆಳೆತ ಎಲ್ಲವನ್ನೂ ಆ ಕ್ಷಣದಲ್ಲೇ ಬರೆಯಿರಿ. ಸಂಜೆ ನೆನಪಿಸಿಕೊಂಡು ಬರೆಯುತ್ತೇನೆ ಎಂದರೆ ಆರನೇ ಡ್ರಾಪ್ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ದೋಣಿ ದೂರ ಸರಿದು ಎಂಜಿನ್ ನಿಲ್ಲಿಸಲಿ.

ಎರೆ ಇರುವ ಕಡೆ ಯಾರೂ ನೀರಿಗಿಳಿಯಬಾರದು. ಕ್ಯಾಮೆರಾ ಸರಿ ಕೂತಿದೆಯೇ ನೋಡಿಬರುತ್ತೇನೆ ಎಂದೂ ಬೇಡ. ಪ್ರವಾಸಿಗರು ಸ್ನಾರ್ಕೆಲ್ ಮಾಡುವ ಜಾಗದಲ್ಲಿ ಎರೆ ಇಳಿಸುವುದಂತೂ ಬೇಡವೇ ಬೇಡ.

ಹಂತ 6: ಅದೇ ಸಂಜೆ ಫೈಲುಗಳ ಹೆಸರು ಬದಲಿಸಿ

ಗೋಪ್ರೊ ಉದ್ದದ ವಿಡಿಯೊವನ್ನು ತುಂಡು ತುಂಡಾಗಿ ಉಳಿಸುತ್ತದೆ. ಹೆಸರು ಕೊಡುವ ಕ್ರಮದಲ್ಲಿ ಒಂದು ತೊಡಕಿದೆ. 42ನೇ ವಿಡಿಯೊದ ಮೊದಲ ತುಂಡು "ಜಿಎಕ್ಸ್010042", ಎರಡನೆಯದು "ಜಿಎಕ್ಸ್020042". ತುಂಡಿನ ನಂಬರ್ ಮುಂದೆ, ವಿಡಿಯೊ ನಂಬರ್ ಹಿಂದೆ. ಕಂಪ್ಯೂಟರಿನಲ್ಲಿ ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲ ಡ್ರಾಪ್‌ಗಳ ಮೊದಲ ತುಂಡುಗಳು ಒಟ್ಟಿಗೆ, ಆಮೇಲೆ ಎಲ್ಲದರ ಎರಡನೇ ತುಂಡುಗಳು ಬರುತ್ತವೆ. ಮೂರು ತಿಂಗಳು ಬಿಟ್ಟು ತೆರೆದಾಗ ಯಾವುದು ಯಾವ ಡ್ರಾಪ್‌ನದ್ದು ಎಂದು ಯಾರಿಗೂ ತಿಳಿಯುವುದಿಲ್ಲ.

ಹಾಗಾಗಿ ಪ್ರತಿ ಡ್ರಾಪ್‌ಗೆ ಒಂದು ಫೋಲ್ಡರ್. ಫೋಲ್ಡರಿನ ಹೆಸರಿನಲ್ಲಿ ದ್ವೀಪ, ತಾರೀಕು, ಡ್ರಾಪ್ ನಂಬರ್. ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಆಗಿ, ತೆರೆದು ನೋಡಿದ ಮೇಲಷ್ಟೇ ಮೆಮೊರಿ ಕಾರ್ಡ್ ಅಳಿಸಿ. ಕ್ಯಾಮೆರಾದ ಗಡಿಯಾರ ನಂಬಬೇಡಿ, ಬ್ಯಾಟರಿ ತೆಗೆದಿಟ್ಟರೆ ಅದು ತಪ್ಪಿಹೋಗಬಹುದು. ಸ್ಲೇಟು ಇರುವುದು ಅದಕ್ಕೇ.

ಹಂತ 7: ವಿಡಿಯೊ ಓದುವುದು

ಮೊದಲು ಯಾವ ವಿಡಿಯೊ ಲೆಕ್ಕಕ್ಕೆ ಬರುತ್ತದೆ ಎಂದು ತೀರ್ಮಾನಿಸಿ. ಕ್ಯಾಮೆರಾ ಮಗುಚಿ ಆಕಾಶ ನೋಡುತ್ತಿದ್ದರೆ, ಎರಡು ಮೀಟರ್ ಎದುರಿಗೇ ಬಂಡೆ ಅಡ್ಡ ಬಂದಿದ್ದರೆ, ಎರೆ ಚೀಲ ಬೇಗನೆ ಕಿತ್ತುಹೋಗಿದ್ದರೆ ತೆಗೆದುಹಾಕಿ. ಈ ನಿಯಮವನ್ನು ಮೊದಲೇ ಬರೆದಿಟ್ಟಿರಬೇಕು. ಶಾರ್ಕ್ ಕಂಡ ವಾಲಿದ ವಿಡಿಯೊ ಉಳಿಸಿಕೊಂಡು, ಕಾಣದ ವಾಲಿದ ವಿಡಿಯೊ ಬಿಸಾಡಿದರೆ ಸಮೀಕ್ಷೆಯೇ ಕೆಟ್ಟಂತೆ.

ಚೌಕಟ್ಟು ತಳ ಮುಟ್ಟಿ ನಿಂತ ಕ್ಷಣ ಸೊನ್ನೆ ನಿಮಿಷ. ಅಲ್ಲಿಂದ 60 ನಿಮಿಷ ನೋಡಿ. ಎಣಿಸುವ ಅಳತೆಗೆ ಮ್ಯಾಕ್ಸ್‌ಎನ್ ಎನ್ನುತ್ತಾರೆ: ಒಂದು ಜಾತಿಯ ಪ್ರಾಣಿಗಳು ಒಂದೇ ಫ್ರೇಮಿನಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆ. 12ನೇ ನಿಮಿಷ ಒಂದು ಬ್ಲ್ಯಾಕ್‌ಟಿಪ್ ಶಾರ್ಕ್ ಬಂತು, ಹೋಯಿತು. 25ಕ್ಕೆ ಒಂದು ಬಂತು. 40ಕ್ಕೆ ಇನ್ನೊಂದು. ಇಲ್ಲಿ ಮ್ಯಾಕ್ಸ್‌ಎನ್ 1, ಮೂರಲ್ಲ, ಏಕೆಂದರೆ ಮೂರು ಸಲವೂ ಬಂದದ್ದು ಒಂದೇ ಶಾರ್ಕ್ ಇರಬಹುದು. 51ನೇ ನಿಮಿಷದಲ್ಲಿ ಎರಡು ಒಟ್ಟಿಗೆ ಒಂದೇ ಫ್ರೇಮಿನಲ್ಲಿ ಬಂದರೆ ಆಗ 2. ಹೊಸಬರಿಗೆ ಇದು ಜಿಪುಣತನ ಅನಿಸುತ್ತದೆ. ಆದರೆ ಈ ಜಿಪುಣತನ ಎಲ್ಲ ದಿಬ್ಬದಲ್ಲೂ ಒಂದೇ ರೀತಿ ಇರುವುದರಿಂದಲೇ ಹೋಲಿಕೆ ನಿಲ್ಲುತ್ತದೆ.

ವೇಗ ಹೆಚ್ಚಿಸಿ ನೋಡಿದರೆ ಶಾರ್ಕ್ ತಪ್ಪುವುದು ಕಡಿಮೆ. ತೊರಕೆ ತಪ್ಪುತ್ತದೆ. ಮರಳಲ್ಲಿ ಅರ್ಧ ಹೂತು ಕೂತ ತೊರಕೆಯ ಉಬ್ಬಿದ ಎರಡು ಕಣ್ಣು ಮಾತ್ರ ಕಾಣುತ್ತವೆ. ಅದು ಕದಲುವವರೆಗೂ ಮರಳಿನ ಉಂಡೆ ಎಂದೇ ಅನಿಸುತ್ತದೆ. ಮರಳು ತಳದ ವಿಡಿಯೊವನ್ನು ಮಾಮೂಲಿ ವೇಗದಲ್ಲೇ ನೋಡಿ.

ಪ್ರತಿ ವಿಡಿಯೊವನ್ನು ಇಬ್ಬರು ಬೇರೆ ಬೇರೆಯಾಗಿ ಓದುವುದು ಒಳ್ಳೆಯದು. ಅಷ್ಟು ಕೈ ಇಲ್ಲದಿದ್ದರೆ ಐದರಲ್ಲಿ ಒಂದನ್ನಾದರೂ ಇನ್ನೊಬ್ಬರಿಂದ ಓದಿಸಿ. ಇಬ್ಬರ ಲೆಕ್ಕದಲ್ಲಿ ಮತ್ತೆ ಮತ್ತೆ ವ್ಯತ್ಯಾಸ ಬಂದರೆ ಜಾತಿ ಗುರುತಿನಲ್ಲಿ ಏನೋ ಎಡವಟ್ಟಾಗಿದೆ.

ಬರೆಯಲು ಎರಡು ಪಟ್ಟಿ ಇರಲಿ. ಒಂದರಲ್ಲಿ ಪ್ರತಿ ಡ್ರಾಪ್‌ಗೆ ಒಂದು ಸಾಲು: ಜಾಗ, ಆಳ, ಹೊತ್ತು, ನೀರಿನ ತಿಳಿ, ತಳ ಎಂಥದ್ದು. ಏನೂ ಕಾಣದ ಡ್ರಾಪ್‌ಗೂ ಇಲ್ಲಿ ಸಾಲು ಇರಲೇಬೇಕು. ಇನ್ನೊಂದರಲ್ಲಿ ಕಂಡ ಪ್ರಾಣಿಗಳು: ಜಾತಿ, ಮೊದಲು ಕಂಡ ನಿಮಿಷ, ಮ್ಯಾಕ್ಸ್‌ಎನ್, ಗಂಡೋ ಹೆಣ್ಣೋ, ಗಾಯ, ಸಿಕ್ಕಿಕೊಂಡ ಗಾಳ. ಎರಡನ್ನೂ ಡ್ರಾಪ್ ನಂಬರ್ ಜೋಡಿಸುತ್ತದೆ. ಎರಡನೇ ಪಟ್ಟಿ ಮಾತ್ರ ಇಟ್ಟವರ ಹತ್ತಿರ ಸೊನ್ನೆಗಳು ಮಾಯವಾಗುತ್ತವೆ. ನಲವತ್ತರಲ್ಲಿ ಎರಡು ಕಡೆ ಶಾರ್ಕ್ ಕಂಡ ದಿಬ್ಬವೂ, ಎರಡೇ ಡ್ರಾಪ್ ಮಾಡಿ ಎರಡರಲ್ಲೂ ಕಂಡ ದಿಬ್ಬವೂ ಆ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಸೊನ್ನೆಯನ್ನು ಬರೆದಿಡಿ ಎಂಬುದನ್ನು ನೆನಪಿಡಿ. ಫಿನ್‌ಪ್ರಿಂಟ್ ಸಮೀಕ್ಷೆಯ ಅತಿ ದೊಡ್ಡ ಸುದ್ದಿ ಬಂದದ್ದೇ ಸೊನ್ನೆಗಳಿಂದ: ನೋಡಿದ ದಿಬ್ಬಗಳಲ್ಲಿ ಸುಮಾರು 20 ಶೇಕಡಾ ಕಡೆ ಒಂದೇ ಒಂದು ಶಾರ್ಕ್ ಕಾಣಲಿಲ್ಲ.

ಹಂತ 8: ಜಾತಿ ಗುರುತು, ಮೋಸ ಹೋಗುವ ಜಾಗಗಳು

ರೆಕ್ಕೆಯ ತುದಿ ಕಪ್ಪಾಗಿದ್ದ ಮಾತ್ರಕ್ಕೆ ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಎಂದು ಬರೆಯಬೇಡಿ. ಕಪ್ಪು ತುದಿಯ ಶಾರ್ಕ್‌ಗಳು ಹಲವು. ಬ್ಲ್ಯಾಕ್‌ಟಿಪ್ ರೀಫ್ ಶಾರ್ಕಿನ ಬೆನ್ನು ರೆಕ್ಕೆಯಲ್ಲಿ ಕಪ್ಪಿನ ಕೆಳಗೇ ಬಿಳಿ ಪಟ್ಟಿ ಎದ್ದು ಕಾಣುತ್ತದೆ, ಮೂತಿ ಮೊಂಡು. ಗ್ರೇ ರೀಫ್ ಶಾರ್ಕಿನ ಗುರುತು ಬಾಲದಲ್ಲಿದೆ: ಬಾಲ ರೆಕ್ಕೆಯ ಹಿಂಬದಿ ಅಂಚು ಪೂರ್ತಿ ಅಗಲವಾಗಿ ಕಪ್ಪು.

ಬಿಳಿ ತುದಿಯಲ್ಲೂ ಇದೇ ಗೊಂದಲ. ವೈಟ್‌ಟಿಪ್ ರೀಫ್ ಶಾರ್ಕ್ ಸಣಕಲು ಮೈಯದು, ಹಗಲಲ್ಲಿ ತಳದಲ್ಲೋ ಗುಹೆಯಲ್ಲೋ ಮಲಗಿರುತ್ತದೆ. ಬೆನ್ನು ರೆಕ್ಕೆ, ಬಾಲದ ಮೇಲ್ತುದಿ ಬಿಳಿ. ಸಿಲ್ವರ್‌ಟಿಪ್ ದಪ್ಪ ಮೈಯದು, ಅದರ ಪಕ್ಕದ ರೆಕ್ಕೆಗಳ ತುದಿ ಮತ್ತು ಅಂಚೂ ಬಿಳಿ. ಎರಡು ಬೆನ್ನು ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರೆ ಬಾಯಿಯ ಹತ್ತಿರ ನೋಡಿ. ಮೀಸೆಯಂಥ ಎಳೆ ಇದ್ದರೆ ಟಾನಿ ನರ್ಸ್ ಶಾರ್ಕ್, ಇಲ್ಲದಿದ್ದರೆ ಲೆಮನ್ ಶಾರ್ಕ್.

ಶಾರ್ಕ್‌ನಂತೆ ಕಂಡರೂ ಶಾರ್ಕ್ ಅಲ್ಲದವೂ ಇವೆ. ಗಿಟಾರ್ ಮೀನು, ವೆಜ್‌ಫಿಶ್, ಗರಗಸ ಮೀನು ತೊರಕೆಗಳ ಬಳಗದವು. ಕಿವಿರಿನ ಸೀಳು ಮೈಯ ಪಕ್ಕದಲ್ಲಿದ್ದರೆ ಶಾರ್ಕ್, ಹೊಟ್ಟೆಯ ಕಡೆಗಿದ್ದರೆ ತೊರಕೆ ಬಳಗ. ವೆಜ್‌ಫಿಶ್ ಅನ್ನು ಶಾರ್ಕ್ ಎಂದು ಬರೆದರೆ ಬಹಳ ಅಪಾಯದಲ್ಲಿರುವ ಒಂದು ಗುಂಪು ನಿಮ್ಮ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ.

ಗುರುತು ಖಚಿತವಾಗದಿದ್ದರೆ "ಕಾರ್ಕರೈನಸ್, ಜಾತಿ ತಿಳಿಯದು" ಎಂದು ಬರೆಯಿರಿ (ಕಾರ್ಕರೈನಸ್ ಎಂದರೆ ದಿಬ್ಬದ ಹಲವು ಶಾರ್ಕ್‌ಗಳು ಸೇರುವ ಕುಲ), ಸ್ಕ್ರೀನ್‌ಶಾಟ್ ಇಡಿ. ಊಹಿಸಿ ಬರೆದ ಹೆಸರಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಗಂಡು ಹೆಣ್ಣು ತಿಳಿಯಲು ಹೊಟ್ಟೆ ರೆಕ್ಕೆಗಳ ನಡುವೆ ನೋಡಿ. ಎರಡು ಬೆರಳಿನಂಥ ಅಂಗ, ಅಂದರೆ ಕ್ಲಾಸ್ಪರ್, ಇದ್ದರೆ ಗಂಡು. ಮಾಂಟಾ ತೊರಕೆಯ ಹೊಟ್ಟೆಯ ಮಚ್ಚೆ, ತಿಮಿಂಗಿಲ ಶಾರ್ಕಿನ ಕಿವಿರಿನ ಹಿಂದಿನ ಚುಕ್ಕೆಗಳು ಒಂದೊಂದು ಪ್ರಾಣಿಗೂ ಬೇರೆ ಬೇರೆ. ಒಳ್ಳೆಯ ಫೋಟೊ ಸಿಕ್ಕರೆ ಬೇರೆ ಫೋಲ್ಡರಿನಲ್ಲಿಡಿ, ಮುಂದೆ ಅದೇ ಪ್ರಾಣಿ ಬಂದಾಗ ಹೋಲಿಸಬಹುದು.

ಹಂತ 9: ಲೆಕ್ಕ

ಎಲ್ಲ ಮ್ಯಾಕ್ಸ್‌ಎನ್ ಕೂಡಿಸಿ "ಇಲ್ಲಿ 63 ಶಾರ್ಕ್ ಇವೆ" ಎನ್ನಬೇಡಿ. ಕೊಡಬೇಕಾದದ್ದು ಎರಡು: ಒಂದು ಡ್ರಾಪ್‌ಗೆ ಸರಾಸರಿ ಮ್ಯಾಕ್ಸ್‌ಎನ್ ಎಷ್ಟು, ನೂರಕ್ಕೆ ಎಷ್ಟು ಡ್ರಾಪ್‌ಗಳಲ್ಲಿ ಕಂಡಿತು. ಎರಡಕ್ಕೂ ಅಂದಾಜಿನ ಮೇಲ್ಮಿತಿ, ಕೆಳಮಿತಿ ಸೇರಿಸಿ. ಸೊನ್ನೆಗಳು ಜಾಸ್ತಿ ಇರುವುದರಿಂದ ಎರಡು ಸರಾಸರಿಗಳನ್ನು ಹೋಲಿಸುವ ಸಾಮಾನ್ಯ ಟಿ ಪರೀಕ್ಷೆ ಇಲ್ಲಿ ಒಗ್ಗುವುದಿಲ್ಲ. ಕಾಲೇಜಿನ ಸಂಖ್ಯಾಶಾಸ್ತ್ರದವರನ್ನು ಸಮೀಕ್ಷೆ ಮುಗಿದ ಮೇಲೆ ಹುಡುಕುವ ಬದಲು ಹಂತ 1ರಲ್ಲೇ ಜೊತೆಗೆ ಕೂರಿಸಿಕೊಳ್ಳಿ.

ಹಂತ 10: ದಕ್ಕೆಯ ಲೆಕ್ಕವನ್ನೂ ಜೋಡಿಸಿ

ದಿಬ್ಬದಲ್ಲಿ ಏನಿದೆ ಎಂದು ಕ್ಯಾಮೆರಾ ಹೇಳುತ್ತದೆ. ಏನು ಹಿಡಿಯಲಾಗುತ್ತಿದೆ ಎಂಬುದು ಮಂಗಳೂರು, ಮಲ್ಪೆಯಂಥ ದಕ್ಕೆಗಳಲ್ಲಿ, ಅಂದರೆ ಮೀನು ಇಳಿಸುವ ಬಂದರುಗಳಲ್ಲಿ, ಗೊತ್ತಾಗುತ್ತದೆ. ಬೆಳಗಿನ ಹರಾಜಿಗೆ ಮೊದಲೇ ಹೋಗಿ. ಶಾರ್ಕ್ ಕೇಳಿದರೆ ಅರ್ಥವಾಗದಿದ್ದರೆ ತಾಟೆ ಎನ್ನಿ. ತಂಡೇಲರನ್ನು (ದೋಣಿಯ ಮುಖ್ಯಸ್ಥರನ್ನು) ಕೇಳಿ, ಯಾವ ಆಳ, ಎಷ್ಟು ದಿನದ ಟ್ರಿಪ್, ಯಾವ ಬಲೆ ಎಂದು ಬರೆದುಕೊಳ್ಳಿ. ಹಿಡಿದ ಜಾಗ ಗೊತ್ತಿಲ್ಲದ ಶಾರ್ಕನ್ನು ದಿಬ್ಬದ ಲೆಕ್ಕಕ್ಕೆ ಸೇರಿಸಬೇಡಿ.

ಶಾರ್ಕಿನ ಉದ್ದ ಅಳೆಯುವಾಗ ಟೇಪನ್ನು ಮೈಮೇಲೆ ಬಾಗಿಸಬೇಡಿ, ಪಕ್ಕದಲ್ಲಿ ನೇರವಾಗಿ ಹಾಸಿ ಮೂತಿಯಿಂದ ಬಾಲದ ತುದಿಗೆ ಅಳೆಯಿರಿ. ತೊರಕೆಗೆ ಉದ್ದ ಬೇಡ, ರೆಕ್ಕೆಯ ತುದಿಯಿಂದ ತುದಿಗೆ ಅಗಲ ತೆಗೆದುಕೊಳ್ಳಿ. ಅವುಗಳ ಬಾಲ ಎಷ್ಟೋ ಸಲ ಕತ್ತರಿಸಿ ಹೋಗಿರುತ್ತದೆ. ಬೆನ್ನು, ಹೊಟ್ಟೆ, ತಲೆಯ ಪಕ್ಕ, ಹೀಗೆ ಮೂರು ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ.

ಅರ್ಧ ಮೀಟರಿನ ಶಾರ್ಕ್ ರಾಶಿ ಕಂಡು "ಮರಿಗಳನ್ನು ಹಿಡಿದಿದ್ದಾರೆ" ಎಂದು ಫೋಟೊ ಹಾಕುವವರು ಬಹಳ. ನಮ್ಮ ಕರಾವಳಿಯಲ್ಲಿ ಸಿಗುವ ಸ್ಪೇಡ್‌ನೋಸ್ ಶಾರ್ಕ್ ಬೆಳೆದರೂ ಸಣ್ಣದೇ. ಗಂಡಿನ ಕ್ಲಾಸ್ಪರ್ ಮುಟ್ಟಿ ನೋಡಿ. ಗಟ್ಟಿಯಾಗಿದ್ದು ಮುಂದಕ್ಕೆ ತಿರುಗುವಂತಿದ್ದರೆ ಅದು ಬೆಳೆದ ಪ್ರಾಣಿ. ಮೀನುಗಾರರ ಮೇಲೆ ಸುಮ್ನೆ ಆರೋಪ ಹೊರಿಸಿದರೆ ಮರುದಿನದಿಂದ ಯಾರೂ ನಿಮ್ಮ ಜೊತೆ ಮಾತಾಡುವುದಿಲ್ಲ, ಅದು ಸರಿಯೂ ಹೌದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳ ಸೊನ್ನೆಗೆ "ನಿಷೇಧ" ಎಂದು ಪಕ್ಕದಲ್ಲೇ ಬರೆಯಿರಿ. ಶೆಡ್ಯೂಲ್ 1ರ ಪ್ರಾಣಿ, ಉದಾಹರಣೆಗೆ ಗರಗಸ ಮೀನು, ದಕ್ಕೆಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಹಲ್ಲು, ಮೂತಿ, ರೆಕ್ಕೆ ಏನನ್ನೂ ನೆನಪಿಗೆಂದು ಮನೆಗೆ ತರಬೇಡಿ.

ಹಂತ 11: ಲೆಕ್ಕವನ್ನು ಕಾರ್ಯಕ್ಕೆ ಇಳಿಸಿ

2023ರಲ್ಲಿ ಪ್ರಕಟವಾದ ಎರಡು ಅಧ್ಯಯನ ಮುಂದಿಟ್ಟುಕೊಳ್ಳಿ. ಒಂದರ ಪ್ರಕಾರ ಹವಳ ದಿಬ್ಬಗಳ 134 ಶಾರ್ಕ್, ತೊರಕೆ ಜಾತಿಗಳಲ್ಲಿ 59 ಶೇಕಡಾ ಅಳಿವಿನ ಅಪಾಯದಲ್ಲಿವೆ, ಅದರಲ್ಲೂ ತೊರಕೆಗಳ ಸ್ಥಿತಿ ಹೆಚ್ಚು ಕೆಟ್ಟದ್ದು. ಇನ್ನೊಂದರ ಪ್ರಕಾರ ದಿಬ್ಬಗಳಲ್ಲಿ ಸಾಮಾನ್ಯವಾಗಿದ್ದ ಐದು ಜಾತಿ ಶಾರ್ಕ್‌ಗಳು 60ರಿಂದ 73 ಶೇಕಡಾ ಕುಸಿದಿವೆ. ಕಾರಣ ಮುಖ್ಯವಾಗಿ ಅತಿಯಾದ ಮೀನುಗಾರಿಕೆ. ಗ್ರೇ ರೀಫ್ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 7 ವರ್ಷ ಅಥವಾ ಅದಕ್ಕೂ ಜಾಸ್ತಿ ಬೇಕು, ಒಂದು ಸಲಕ್ಕೆ ಹಾಕುವುದು ಬೆರಳೆಣಿಕೆಯ ಮರಿ. ಮಾಂಟಾ ಹಾಕುವುದು ಒಂದೇ ಮರಿ, ಅದೂ ಕೆಲವು ವರ್ಷಕ್ಕೊಮ್ಮೆ. ಬೂತಾಯಿಯಂತೆ ಎರಡು ವರ್ಷದಲ್ಲಿ ಇವು ಚೇತರಿಸಿಕೊಳ್ಳುವುದಿಲ್ಲ.

ಫಲಿತಾಂಶವನ್ನು ಮೊದಲು ಹೇಳಬೇಕಾದದ್ದು ದ್ವೀಪದ ಮೀನುಗಾರರಿಗೆ, ಆಮೇಲೆ ಇಲಾಖೆಗೆ, ಕೊನೆಗೆ ಪತ್ರಿಕೆಗೆ. ಮೀನುಗಾರರಿಗೆ ಅವರ ಭಾಷೆಯಲ್ಲಿ, ಒಂದೇ ಹಾಳೆಯಲ್ಲಿ, ಚಿತ್ರ ಸಮೇತ ಹೇಳಿ. ಕೇಳುವುದು ಸ್ಪಷ್ಟವಾಗಿರಲಿ. "ಶಾರ್ಕ್ ಉಳಿಸಿ" ಎಂದರೆ ಯಾರೂ ಏನೂ ಮಾಡಲಾಗದು. "ಮರಿಗಳು ಇರುವ ಈ ಮೊಣಕಾಲುದ್ದದ ನೀರಿನಲ್ಲಿ ಬಿಡುಬಲೆ (ಗಿಲ್‌ನೆಟ್) ಬೇಡ" ಎಂದರೆ ಚರ್ಚೆ ಶುರುವಾಗುತ್ತದೆ. ಬಿಡುಬಲೆ, ಉದ್ದ ಗಾಳದ ಸಾಲುಗಳಿಗೆ ಮಿತಿ ಹಾಕಿದ ಕಡೆ, ಮೀನುಗಾರಿಕೆ ಮುಚ್ಚಿದ ಜಾಗ ಇರುವ ಕಡೆ ಶಾರ್ಕ್ ಜಾಸ್ತಿ ಇದ್ದವು ಎಂದು ಫಿನ್‌ಪ್ರಿಂಟ್ ಕಂಡುಕೊಂಡಿದೆ. ಪೆಸಿಫಿಕ್ ಸಾಗರದ ಪಲಾವು ದೇಶ 2009ರಲ್ಲಿ, ಮಾಲ್ಡೀವ್ಸ್ 2010ರಲ್ಲಿ ತಮ್ಮ ಇಡೀ ನೀರನ್ನು ಶಾರ್ಕ್‌ಗಳಿಗೆ ರಕ್ಷಿತ ಎಂದು ಸಾರಿದವು. ನಮ್ಮಲ್ಲಿ ಶಾರ್ಕ್ ರೆಕ್ಕೆಯ ರಫ್ತು 2015ರಿಂದ ನಿಷಿದ್ಧ. ಆದರೆ ಸ್ಥಳೀಯ ಬಲೆಗೆ ಸಿಕ್ಕಿ ಸಾಯುವುದನ್ನು ರಫ್ತು ನಿಷೇಧ ತಡೆಯುವುದಿಲ್ಲ. ಗುಜರಾತಿನ ಮೀನುಗಾರರು ತಿಮಿಂಗಿಲ ಶಾರ್ಕ್ ಸಿಕ್ಕರೆ ಬಲೆ ಕತ್ತರಿಸಿ ಬಿಡುತ್ತಾರೆ, ಬಲೆಯ ನಷ್ಟಕ್ಕೆ ಪರಿಹಾರ ಸಿಗುತ್ತದೆ. ನಷ್ಟದ ಪ್ರಶ್ನೆಗೆ ಉತ್ತರ ಕೊಟ್ಟದ್ದರಿಂದ ಅದು ನಡೆಯುತ್ತಿದೆ.

ಜೀವಂತ ಬಿಡುವುದನ್ನು ಮೀನುಗಾರರ ಜೊತೆ ದೋಣಿಯಲ್ಲೇ ಮಾಡಿ ತೋರಿಸಿ. ತೊರಕೆಯನ್ನು ಬಾಲ ಹಿಡಿದು ಎಳೆಯಬಾರದು. ಕಿವಿರಿನ ಸೀಳಿಗೋ ಕಣ್ಣಿನ ಹಿಂದಿನ ರಂಧ್ರಕ್ಕೋ ಬೆರಳು ಹಾಕಿ ಎತ್ತಬಾರದು. ಇಬ್ಬರು ಎರಡೂ ಬದಿಯ ರೆಕ್ಕೆಯ ಬುಡ ಹಿಡಿದು, ಮುಳ್ಳಿನಿಂದ ದೂರ ನಿಂತು, ಬೇಗ ನೀರಿಗೆ ಬಿಡಬೇಕು. ಗಾಳ ಆಳಕ್ಕೆ ಹೋಗಿದ್ದರೆ ಕೀಳಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ.

ಮರಿಗಳ ಜಾಗ, ವೈಟ್‌ಟಿಪ್ ಮಲಗುವ ಗುಹೆ ಇವುಗಳ ಜಿಪಿಎಸ್ ಬಿಂದುವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಬೇಡಿ. ಇಲಾಖೆಗೆ ಕೊಡುವ ಪ್ರತಿಯಲ್ಲಿ ಮಾತ್ರ ಇರಲಿ.

ಹಂತ 12: ಮತ್ತೆ ಹೋಗುವುದು

ಎರಡನೇ ಸಮೀಕ್ಷೆ ಅದೇ ತಿಂಗಳು, ಅದೇ ಬಿಂದುಗಳು, ಅದೇ ಎರೆ, ಅದೇ ಕ್ಯಾಮೆರಾ ಕೋನ. ಬಲೆ ನಿಲ್ಲಿಸಿದ ಜಾಗದ ಜೊತೆ, ನಿಲ್ಲಿಸದ ಒಂದು ಜಾಗವನ್ನೂ ಪ್ರತಿ ಸಲ ನೋಡಿ. ಇಲ್ಲದಿದ್ದರೆ ಬದಲಾವಣೆ ನಿಯಮದಿಂದ ಬಂತೋ, ಆ ವರ್ಷದ ನೀರಿನಿಂದ ಬಂತೋ ತಿಳಿಯದು. ತಂಡದ ಹುಡುಗರು ಓದು ಮುಗಿಸಿ ಹೋಗುತ್ತಾರೆ, ಹಾಗಾಗಿ ಚೌಕಟ್ಟಿನ ಅಳತೆ, ಸೆಟ್ಟಿಂಗ್, ವಿಡಿಯೊ ತೆಗೆದುಹಾಕುವ ನಿಯಮ, ಬಿಂದುಗಳ ಪಟ್ಟಿ ಎಲ್ಲವನ್ನೂ ನಾಲ್ಕು ಪುಟದಲ್ಲಿ ಬರೆದು ಹಾರ್ಡ್‌ಡಿಸ್ಕಿನ ಮೊದಲ ಫೋಲ್ಡರಿನಲ್ಲಿಡಿ. ಅದರದ್ದೊಂದು ಪ್ರಿಂಟ್ ತೆಗೆದು ಕಾಲೇಜಿನ ವಿಭಾಗದಲ್ಲಿ, ಇನ್ನೊಂದನ್ನು ದ್ವೀಪದಲ್ಲಿ ನಿಮ್ಮ ಜೊತೆ ಕೆಲಸ ಮಾಡಿದ ದೋಣಿಯವರ ಹತ್ತಿರ ಕೊಟ್ಟು ಬನ್ನಿ.